ಹೈಬ್ರಿಡ್ ಕಾರು ಬಿಸಿಯಾಗ್ತಿದ್ರೆ ಒಂದು ರಾತ್ರಿ ನಮ್ಮಲ್ಲೇ ಬಿಡಿ

ಎಲ್ಲರಿಗೂ ನಮಸ್ಕಾರ,

ಎಂಜಿನ್ ಜೊತೆ ಬ್ಯಾಟರಿ-ಮೋಟಾರಿನಲ್ಲೂ ಓಡುವ ಹೈಬ್ರಿಡ್ ಕಾರಿನಲ್ಲಿ ಹೈಬ್ರಿಡ್ ಸಿಸ್ಟಮ್ ಬಿಸಿಯಾಗಿದೆ ಅಂತ ವಾರ್ನಿಂಗ್ ಬಂದು ನಮ್ಮ ಗ್ಯಾರೇಜಿಗೆ ಬರುವವರಿಗೆ ಈ ಪತ್ರ. ಮುಂದಿನ ತಿಂಗಳಿಂದ ಇಂಥ ಗಾಡಿಯನ್ನು ಸಂಜೆ ಬಿಟ್ಟು, ಮಾರನೇ ದಿನ ಸಂಜೆ ತೆಗೆದುಕೊಂಡು ಹೋಗಬೇಕು. ಕಾದು ಕೂತು ಅವತ್ತೇ ಒಯ್ಯುವುದು ಇನ್ನಿಲ್ಲ. ಚೆಕಿಂಗ್ ಚಾರ್ಜು ಬೇರೆ ಇರುತ್ತದೆ, ರಿಪೇರಿಯನ್ನೂ ನಮ್ಮಲ್ಲೇ ಮಾಡಿಸಿದರೆ ಅದನ್ನು ಬಿಲ್ಲಿನಲ್ಲಿ ಕಳೆಯುತ್ತೇವೆ.

ಯಾಕೆ ಇಷ್ಟು ಹೊತ್ತು ಬೇಕು? ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿದರೆ ಪಿ0ಎ93 (P0A93) ಅಂತ ಕೋಡ್ ಬರಬಹುದು. ಬ್ಯಾಟರಿಯ ಡಿಸಿ ಕರೆಂಟನ್ನು ಮೋಟಾರಿಗೆ ಬೇಕಾದ ಎಸಿ ಕರೆಂಟ್ ಮಾಡಿಕೊಡುವ ಇನ್ವರ್ಟರಿನ ಕೂಲಿಂಗ್ ಸರಿಯಿಲ್ಲ ಅಂತ ಅದರ ಅರ್ಥ, ಅಷ್ಟೇ. ಪಂಪ್ ಕೆಟ್ಟಿದೆಯಾ, ಕೂಲಂಟ್ (ತಂಪು ಮಾಡುವ ದ್ರವ) ಕಮ್ಮಿಯಾಗಿದೆಯಾ, ಪೈಪಿನಲ್ಲಿ ಗಾಳಿ ಸೇರಿಕೊಂಡಿದೆಯಾ, ಫ್ಯಾನ್ ತಿರುಗ್ತಿಲ್ವಾ, ಇಲ್ಲಾ ಸೆನ್ಸರೇ ತಪ್ಪು ಲೆಕ್ಕ ಕೊಡುತ್ತಿದೆಯಾ ಅನ್ನೋದನ್ನ ಕೋಡ್ ಹೇಳುವುದಿಲ್ಲ. ಇನ್ವರ್ಟರ್ ದುಬಾರಿ ಸಾಮಾನು. ಪಂಪ್ ಕೆಟ್ಟಿರುವಾಗ ಇನ್ವರ್ಟರನ್ನು ಬದಲಿಸಿದರೆ ಹೊಸದೂ ಬಿಸಿಯಾಗುತ್ತದೆ, ಅಲ್ವಾ?

ರಾತ್ರಿಯಿಡೀ ನಿಂತ ಗಾಡಿಯನ್ನು ಬೆಳಿಗ್ಗೆ ಆನ್ ಮಾಡಿದ ತಕ್ಷಣ ಇನ್ವರ್ಟರ್, ಮೋಟಾರ್, ಕೂಲಂಟ್ ಎಲ್ಲದರ ಸೆನ್ಸರೂ ಹೆಚ್ಚುಕಮ್ಮಿ ಹೊರಗಿನ ಗಾಳಿಯಷ್ಟೇ ತೋರಿಸಬೇಕು. ಹೊರಗೆ 22 ಡಿಗ್ರಿ ಇದ್ದು ಒಂದು ಮಾತ್ರ 45 ತೋರಿಸಿದರೆ ಅಲ್ಲಿ ಬಿಸಿಯೇ ಇಲ್ಲ, ಸೆನ್ಸರೋ ಅದರ ವೈರೋ ಕೆಟ್ಟಿದೆ. ಓಡಿ ಬಂದ ಗಾಡಿಯಲ್ಲಿ ಇದನ್ನು ಕಂಡುಹಿಡಿಯುವುದು ಬಹಳ ಕಷ್ಟ. ಆಮೇಲೆ ಇನ್ವರ್ಟರಿನ ಕೂಲಂಟ್ ಡಬ್ಬಿ ನೋಡುತ್ತೇವೆ. ಹಲವು ಕಾರುಗಳಲ್ಲಿ ಇದು ಎಂಜಿನ್ನಿನ ಡಬ್ಬಿಗಿಂತ ಬೇರೆ. ಪಂಪ್ ಓಡುತ್ತಿದ್ದರೆ ಒಳಗೆ ಕೂಲಂಟ್ ಅಲುಗಾಡುವುದು ಕಣ್ಣಿಗೇ ಕಾಣುತ್ತದೆ. ಸುಮ್ನೆ ನಿಂತಿದ್ದರೆ ಮೊದಲ ಅನುಮಾನ ಪಂಪ್ ಮೇಲೆ.

ಮಧ್ಯಾಹ್ನ ಸ್ಕ್ಯಾನರ್ ಹಾಕಿಕೊಂಡು, ಕಾರಿನೊಳಗಿನ ಏರ್ ಕಂಡೀಶನರ್ ಆನ್ ಇಟ್ಟು, ಸಿಲ್ಕ್ ಬೋರ್ಡ್ ಕಡೆ ಟ್ರಾಫಿಕ್ಕಿನಲ್ಲಿ ಓಡಿಸುತ್ತೇವೆ. ಖಾಲಿ ರಸ್ತೆಯಲ್ಲಿ ಎದುರುಗಾಳಿಯೇ ರೇಡಿಯೇಟರನ್ನು ತಣ್ಣಗಿಡುವುದರಿಂದ, ಫ್ಯಾನ್ ಕೆಟ್ಟಿದ್ದರೂ ಗೊತ್ತಾಗುವುದಿಲ್ಲ. ನಿಮಗೆ ತೊಂದರೆ ಬರುವುದು ನಿಂತು ನಿಂತು ಹೋಗುವಾಗ, ಹಾಗಾಗಿ ನಾವೂ ಅಲ್ಲೇ ನೋಡಬೇಕು.

ನಿಮ್ಮಿಂದ ಒಂದು ದೊಡ್ಡ ಉಪಕಾರ ಬೇಕು. ಬರುವ ಮೊದಲು ಯಾರ ಕೈಲೂ ಕೋಡ್ ಅಳಿಸಬೇಡಿ. ದೋಷ ದಾಖಲಾದ ಕ್ಷಣದ ಟೆಂಪರೇಚರ್, ಸ್ಪೀಡ್ ಎಲ್ಲಾ ಅದರ ಜೊತೆಗೇ ಉಳಿದಿರುತ್ತದೆ, ಅಳಿಸಿದರೆ ಅದೂ ಹೋಗುತ್ತದೆ. 12 ವೋಲ್ಟ್ ಬ್ಯಾಟರಿ ಬಿಚ್ಚಿದರೂ ಹೋಗಬಹುದು. ಕಿತ್ತಳೆ ಬಣ್ಣದ ವೈರುಗಳನ್ನಂತೂ ಮುಟ್ಟಲೇಬೇಡಿ, ಪ್ರಾಣಕ್ಕೇ ಅಪಾಯ.

ಹಾಗೇ ಹಿಂದಿನ ಸೀಟಿನ ಹತ್ತಿರ ಜಾಲರಿ ಇದೆಯಾ ನೋಡಿ. ಹಲವು ಹೈಬ್ರಿಡ್‌ಗಳಲ್ಲಿ ದೊಡ್ಡ ಬ್ಯಾಟರಿಗೆ ತಂಪು ಗಾಳಿ ಹೋಗುವುದು ಅಲ್ಲಿಂದಲೇ. ಅದಕ್ಕೆ ಅಡ್ಡವಾಗಿ ಬ್ಯಾಗು, ಬೆಡ್‌ಶೀಟು ಇಡಬೇಡಿ. ನಾಯಿ ಇರುವ ಮನೆಯವರ ಕಾರಿನಲ್ಲಿ ಕೂದಲು ಜಾಸ್ತಿ ಕಟ್ಟಿಕೊಂಡಿರುತ್ತದೆ.

ಓಡಿಸುವಾಗ ವಾರ್ನಿಂಗ್ ಬಂದರೆ ಪಕ್ಕಕ್ಕೆ ನಿಲ್ಲಿಸಿ ನಮಗೆ ಫೋನ್ ಮಾಡಿ. ಬಿಸಿ ಇರುವಾಗ ಕೂಲಂಟ್ ಮುಚ್ಚಳ ತೆಗೆಯಬೇಡಿ. ಉಳಿದಂತೆ, ರಾತ್ರಿ ಒಳಗೆ ನಿಲ್ಲಿಸಲು ನಮ್ಮಲ್ಲಿ ಜಾಗ ಕಮ್ಮಿ, ಮುಂಚೆಯೇ ದಿನ ಗೊತ್ತು ಮಾಡಿಕೊಂಡು ಬನ್ನಿ.

ನಿಮ್ಮ ಗ್ಯಾರೇಜಿನವರು
ಬೆಂಗಳೂರು