ಆ ಒಂದು ಕಾಲಮ್ ತಿದ್ದಿಸಿಕೊಟ್ಟವರಿಗೆ

ಎಲ್ಲರಿಗೂ ನಮಸ್ಕಾರ. ಮೊನ್ನೆ ಮಂಗಳವಾರ ಬೆಳಗ್ಗೆ ಬ್ಯಾಂಕಿಂದ ಮೆಸೇಜ್ ಬಂತು. ಹೆಂಡತಿ ನೋಡಿ "ಏನ್ರೀ ಇದು, ಯಾರೋ ತಪ್ಪಾಗಿ ಹಾಕ್ಬಿಟ್ಟಿದಾರಾ" ಅಂದ್ಲು. ತಪ್ಪಾಗಿ ಬಂದಿದ್ದಲ್ಲ, ನನ್ನ ಡಿಸೆಬಿಲಿಟಿ ಪೆನ್ಷನ್ ಬಾಕಿ. 2016ರ ಅಕ್ಟೋಬರಲ್ಲಿ ಸೇನೆಯಿಂದ ಬೋರ್ಡ್ ಔಟ್ (ಕಾಯಿಲೆ ಇದೆ ಅಂತ ಡಾಕ್ಟರ್‌ಗಳ ಬೋರ್ಡ್ ಸೇವೆಯಿಂದ ಕಳಿಸೋದು) ಆಗಿ ಒಂದು ಟ್ರಂಕು ಒಂದು ಬೆಡ್ಡಿಂಗ್ ಹಿಡ್ಕೊಂಡು ಮನೆಗೆ ಬಂದೋನು ನಾನು, ಅವತ್ತಿಂದ ಇವತ್ತಿಗೆ ಎಂಟು ವರ್ಷದ ಮೇಲಾಯ್ತು. ಈ ಎಂಟು ವರ್ಷದಲ್ಲಿ ಯಾರ್ಯಾರು ಏನೇನು ಮಾಡಿದ್ರು ಅಂತ ಒಂದ್ಸಲ ಬರೆದಿಡ್ಲೇಬೇಕು ಅನ್ನಿಸ್ತು. ಹೆಸರು ಹಾಕ್ಬೇಡ ಅಂತ ಸುಮಾರು ಜನ ಹೇಳಿದಾರೆ, ಹಾಗಾಗಿ ಯಾರ ಹೆಸರೂ ಇಲ್ಲ, ಓದಿದ್ರೆ ಅವರಿಗೇ ಗೊತ್ತಾಗುತ್ತೆ.

ಮೊದಲನೇ ಥ್ಯಾಂಕ್ಸ್ ನನ್ನ ಬಡ್ಡಿಗೆ, ಅಂದ್ರೆ ಸೇನೆಯಲ್ಲಿ ನನ್ನ ಜೋಡಿ ಸಂಗಾತಿಗೆ, ಬಿಹಾರದ ಹುಡುಗ. ನಾನು 2007ರ ಮಾರ್ಚಲ್ಲಿ ಭರ್ತಿ ಆದೋನು, ಡ್ರೈವರ್ ಟ್ರೇಡು. ಭರ್ತಿ ಆಗುವಾಗ ಶೇಪ್ ವನ್, ಅಂದ್ರೆ ಮನಸ್ಸು, ಕಿವಿ, ಕೈಕಾಲು, ಮೈಶಕ್ತಿ, ಕಣ್ಣು ಐದೂ ನೂರಕ್ಕೆ ನೂರು. 2014ರ ಚಳಿಗಾಲದಲ್ಲಿ ಲಡಾಖ್ ಕಡೆ ಕಾನ್ವಾಯ್ ಡ್ಯೂಟಿ, ಮೂರು ದಿನದಿಂದ ಸರಿಯಾಗಿ ನಿದ್ದೆ ಇಲ್ಲ, ಬೆಳಗಿನ ಜಾವ ಗಾಡಿ ಟೈರಿಗೆ ಚೈನ್ ಕಟ್ತಾ ಇದ್ದೆ. ಕೈಯಲ್ಲಿ ಚೈನ್ ಹಿಡಿದಿದ್ದು ನೆನಪಿದೆ. ಅದಾದ್ಮೇಲೆ ನೆನಪಿರೋದು ಬಾಯಲ್ಲಿ ರಕ್ತದ ರುಚಿ, ಯಾರದೋ ತೊಡೆ ಮೇಲೆ ನನ್ನ ತಲೆ, ಕಣ್ಣೆದುರಿಗೆ ಅವನ ಬೂಟು. ನಂಗೆ ಫಿಟ್ಸ್ ಬಂದಿತ್ತು, ಆ ಬಡ್ಡಿನೇ ನನ್ನನ್ನ ಒಂದು ಮಗ್ಗುಲಿಗೆ ತಿರುಗಿಸಿ, ಕಾಲರ್ ಸಡಿಲ ಮಾಡಿ, ಬಾಯಿಗೆ ಏನೂ ತುರುಕದೆ ಸುಮ್ನೆ ಹಿಡ್ಕೊಂಡು ಕೂತಿದ್ನಂತೆ. ಅದೇ ಸರಿಯಾದ ಕ್ರಮ ಅಂತ ಆಮೇಲೆ ಡಾಕ್ಟರು ಹೇಳಿದ್ರು. (ಊರಿಗೆ ಬಂದ್ಮೇಲೆ ಒಂದ್ಸಲ ಹಾಗಾದಾಗ ನಮ್ಮವರು ಕೈಗೆ ಬೀಗದ ಕೈ ಕೊಟ್ಟು, ಮೂಗಿಗೆ ಈರುಳ್ಳಿ ಹಿಡಿದು, ನಾಲ್ಕು ಜನ ಮೈಮೇಲೆ ಕೂತಿದ್ರು, ಭುಜ ಒಂದು ವಾರ ನೋವು.) ಗಾಡಿ ಓಡಿಸುವಾಗ ಬಂದಿದ್ರೆ ಇವತ್ತು ಈ ಬರಹ ಇರ್ತಿರ್ಲಿಲ್ಲ, ಹಿಂದೆ ಕೂತಿದ್ದ ಹುಡುಗರೂ ಇರ್ತಿರ್ಲಿಲ್ಲ.

ಆಮೇಲೆ ಆಸ್ಪತ್ರೆ, ಮಾತ್ರೆ, ಲೋ ಮೆಡಿಕಲ್ ಕೆಟಗರಿ (ಪೂರ್ತಿ ಫಿಟ್ ಅಲ್ಲ ಅನ್ನೋ ದರ್ಜೆ), ಆರು ತಿಂಗಳಿಗೊಂದು ರಿವ್ಯೂ, ಸ್ಟೀರಿಂಗ್ ಮುಟ್ಟೋ ಹಾಗಿಲ್ಲ, ಸ್ಟೋರಲ್ಲಿ ಡ್ಯೂಟಿ. ಕೊನೆಗೆ ಇನ್‌ವ್ಯಾಲಿಡಿಂಗ್ ಮೆಡಿಕಲ್ ಬೋರ್ಡ್. ಡಿಸೆಬಿಲಿಟಿ 20 ಪರ್ಸೆಂಟ್, ಜೀವನಪೂರ್ತಿ ಅಂತ ಬರೆದ್ರು. ಅಲ್ಲೀತನಕ ಸರಿ. ಅದರ ಪಕ್ಕದ ಕಾಲಮಲ್ಲಿ 'ಕಾನ್‌ಸ್ಟಿಟ್ಯೂಷನಲ್ ಡಿಸಾರ್ಡರ್, ಸೇವೆಗೆ ಸಂಬಂಧ ಇಲ್ಲ' ಅಂತ ಒಂದೇ ಸಾಲು. ನಂಗೆ ಕಾನ್‌ಸ್ಟಿಟ್ಯೂಷನ್ ಅಂದ್ರೆ ಸಂವಿಧಾನ ಅಂತ ಮಾತ್ರ ಗೊತ್ತಿದ್ದಿದ್ದು, ಹುಟ್ಟಿದಾಗ್ಲಿಂದ ಮೈಯಲ್ಲೇ ಇದ್ದ ಕಾಯಿಲೆ ಅನ್ನೋ ಅರ್ಥದಲ್ಲಿ ಬರೆದಿದಾರೆ ಅಂತ ತಿಳಿಯೋಕೆ ಒಂದು ವರ್ಷ ಬೇಕಾಯ್ತು. ಸೇವೆಯಿಂದ ಬಂದಿದ್ದೂ ಅಲ್ಲ, ಸೇವೆಯಿಂದ ಜಾಸ್ತಿ ಆಗಿದ್ದೂ ಅಲ್ಲ ಅನ್ನೋದಕ್ಕೆ ಇಂಗ್ಲಿಷ್ ಮೊದಲಕ್ಷರ ಸೇರಿಸಿ 'ನಾನಾ' ಕೇಸು ಅಂತಾರೆ. ಮೊದಲ ಸಲ ಒಬ್ಬ ಕ್ಲರ್ಕ್ ಫೋನಲ್ಲಿ "ನಿಮ್ದು ನಾನಾ" ಅಂದಾಗ ನಾನು "ಹೌದು ಸಾರ್, ನಾನೇ" ಅಂದಿದ್ದೆ. ಈಗ ನಗು ಬರುತ್ತೆ.

ಆ ಒಂದು ಸಾಲಿಂದ ಏನಾಯ್ತು ಅಂದ್ರೆ, ಡಿಸೆಬಿಲಿಟಿ ಪೆನ್ಷನ್ ಇಲ್ಲ. ಬರೀ ಇನ್‌ವ್ಯಾಲಿಡ್ ಪೆನ್ಷನ್ (ಕಾಯಿಲೆಗೂ ಸೇವೆಗೂ ಸಂಬಂಧ ಇಲ್ದಿದ್ರೂ ಬೋರ್ಡ್ ಔಟ್ ಆದೋರಿಗೆ ಕೊಡೋದು) ಸಿಗ್ಬೇಕಂದ್ರೆ 10 ವರ್ಷ ಸರ್ವೀಸ್ ಇರ್ಬೇಕು, ನಂದು 9 ವರ್ಷ 7 ತಿಂಗಳು. ಐದು ತಿಂಗಳು ಕಡಿಮೆ ಅಂತ ಗ್ರಾಚ್ಯುಟಿ ಕೈಗಿಟ್ಟು ಕಳಿಸಿದ್ರು. ಈ 10 ವರ್ಷದ ಷರತ್ತನ್ನ 2020ರಲ್ಲಿ ಸರ್ಕಾರ ಸಡಿಲ ಮಾಡ್ತು, ಆದ್ರೆ 2019ರ ಜನವರಿ 4ಕ್ಕೆ ಅಥವಾ ಅದರ ನಂತರ ಸೇವೆಯಲ್ಲಿದ್ದೋರಿಗೆ ಮಾತ್ರ. ನನ್ನ ಹಣೆಬರಹ ನೋಡಿ. ಇನ್ನೊಂದು, ಪೆನ್ಷನ್ ಇಲ್ಲ ಅಂದ್ಮೇಲೆ ಮಾಜಿ ಸೈನಿಕ ಅನ್ನೋ ಗುರುತಿನ ಚೀಟಿನೂ ಇಲ್ಲ, ಇಸಿಎಚ್‌ಎಸ್ (ಮಾಜಿ ಸೈನಿಕರ ಆರೋಗ್ಯ ಯೋಜನೆ) ಚಿಕಿತ್ಸೆನೂ ಇಲ್ಲ, ಮಾಜಿ ಸೈನಿಕರ ಕೋಟಾದಲ್ಲಿ ಕೆಲಸಕ್ಕೆ ಅರ್ಜಿ ಹಾಕೋ ಹಾಗೂ ಇಲ್ಲ. ಕೈಯಲ್ಲಿರೋ ವಿದ್ಯೆ ಡ್ರೈವಿಂಗ್ ಒಂದೇ, ಅದನ್ನ ಮಾಡೋ ಹಾಗೇ ಇಲ್ಲ. ಹೆವಿ ಲೈಸೆನ್ಸು ಪರ್ಸಲ್ಲಿ ಸುಮ್ನೆ ಕೂತಿತ್ತು.

ಊರಲ್ಲಿ ಜನ ಏನಂತಿದ್ರು ಅಂತ ಜಾಸ್ತಿ ಬರೆಯಲ್ಲ. ಮಿಲ್ಟ್ರಿಯಿಂದ ಓಡಿ ಬಂದಿದಾನೆ ಅಂದ್ರು, ಏನೋ ತಪ್ಪು ಮಾಡಿ ಹೊರಗಾಕಿದಾರೆ ಅಂದ್ರು. ದುಡ್ಡಿಗಿಂತ ನನ್ನನ್ನ ತಿಂದಿದ್ದು ಅದೇ. ಅವ್ವ ಮಾತ್ರ ಯಾರಾದ್ರೂ ಕೇಳಿದ್ರೆ ನನ್ನ ಡಿಸ್ಚಾರ್ಜ್ ಬುಕ್ ತಂದು ತೋರಿಸ್ತಿದ್ಲು, ಅವಳಿಗೆ ಓದೋಕೆ ಬರಲ್ಲ, ಅದ್ರಲ್ಲಿರೋ ಫೋಟೋ ತೋರಿಸಿ "ನೋಡು, ಸರ್ಕಾರದ್ದೇ ಸೀಲು" ಅಂತಿದ್ಲು. ಅವಳಿಗೆ ಥ್ಯಾಂಕ್ಸ್ ಹೇಳಿದ್ರೆ ಬೈತಾಳೆ, ಇಲ್ಲೇ ಹೇಳ್ಬಿಟ್ಟೆ.

ಮೊದಲ ಅಪೀಲು ನಾನೇ ಗೊತ್ತಿಲ್ದೆ ಏನೋ ಬರೆದೆ, ಬಡವ, ಕಷ್ಟ, ಮಕ್ಕಳು ಸಣ್ಣೋರು ಅಂತ ಎರಡು ಪುಟ. ರಿಜೆಕ್ಟ್. ಎರಡನೇದೂ ಹಾಗೇ, 2019ರಲ್ಲಿ ರಿಜೆಕ್ಟ್. ಆ ಲೆಟರ್ ಮಡಚಿ ಟ್ರಂಕಿಗೆ ಹಾಕಿ ಒಂದು ವರ್ಷ ಅದರ ಕಡೆ ತಿರುಗಿನೂ ನೋಡಿಲ್ಲ. ಸೈನಿಕರ ಕೇಸು ನೋಡೋ ಟ್ರಿಬ್ಯೂನಲ್‌ಗೆ ಹೋಗೋಕೆ ಆರು ತಿಂಗಳ ಗಡುವು ಇರುತ್ತೆ ಅಂತ ಯಾರೂ ಹೇಳಿರ್ಲಿಲ್ಲ, ನಾನೂ ಕೇಳಿರ್ಲಿಲ್ಲ. ಈ ತಪ್ಪು ನಂದೇ, ಇದಕ್ಕೆ ಬೆಲೆನೂ ಕಟ್ಟಿದೀನಿ, ಮುಂದೆ ಹೇಳ್ತೀನಿ.

ಈಗ ನಮ್ಮ ಸುಬೇದಾರ್ ಸಾಹೇಬ್ರ ವಿಷಯ. ಪಕ್ಕದ ಹೋಬಳಿಯೋರು, ಹೆಡ್ ಕ್ಲರ್ಕ್ ಆಗಿ ರಿಟೈರ್ ಆದೋರು. ನಮ್ಮ ಭಾವ ಒಂದು ಮದುವೇಲಿ ಅವರ ಪಕ್ಕ ಊಟಕ್ಕೆ ಕೂತು ನನ್ನ ಕತೆ ಹೇಳಿದ್ನಂತೆ. ಮಾರನೇ ದಿನ ಸಾಹೇಬ್ರೇ ಫೋನ್ ಮಾಡಿ, "ಅಳೋ ಕಾಗದ ಎಲ್ಲಾ ಬಿಡು, ನಿನ್ನ ಮೆಡಿಕಲ್ ಬೋರ್ಡ್ ಪ್ರೊಸೀಡಿಂಗ್ಸ್ ಇದ್ಯಾ" ಅಂದ್ರು. ಪೂರ್ತಿ ಇರ್ಲಿಲ್ಲ. 10 ರೂಪಾಯಿ ಪೋಸ್ಟಲ್ ಆರ್ಡರ್ ಇಟ್ಟು ಆರ್‌ಟಿಐ ಹಾಕ್ಸಿದ್ರು. ಬಂತು, ಮಾಸಲು ಜೆರಾಕ್ಸು. ಅವರ ಮನೆ ಜಗಲಿ ಮೇಲೆ ಕೂತು ಸ್ಟೀಲ್ ಸ್ಕೇಲ್ ಒಂದನ್ನ ಪ್ರತಿ ಸಾಲಿನ ಕೆಳಗೆ ಇಟ್ಕೊಂಡು ಓದ್ತಾ ಹೋದ್ರು, ಶಾಲೆ ಮೇಷ್ಟ್ರ ಥರ. ಒಂದ್ಕಡೆ ಸ್ಕೇಲ್ ನಿಂತ್ಬಿಡ್ತು. ಸೇವೆಗೆ ಸೇರೋ ಮೊದಲು ಈ ಕಾಯಿಲೆ ಇತ್ತಾ ಅನ್ನೋ ಪ್ರಶ್ನೆ, ಅದರ ಎದುರಿಗೆ 'ಇಲ್ಲ' ಅಂತ ಬರೆದು ಬೋರ್ಡಿನ ಸಹಿ. ಸ್ಕೇಲ್ ಕೆಳಗೆ ಜಾರಿಸಿದ್ರು. ಸೇವೆಯಿಂದ ಬಂದಿದ್ದಾ ಅನ್ನೋದಕ್ಕೂ 'ಇಲ್ಲ'. "ಮೊದಲೂ ಇರ್ಲಿಲ್ಲ, ಸೇವೆಯಲ್ಲೂ ಬಂದಿಲ್ಲ, ಮತ್ತೆ ಆಕಾಶದಿಂದ ಉದುರ್ತಾ" ಅಂತ ಕನ್ನಡಕ ತೆಗೆದು ನನ್ನ ಮುಖ ನೋಡಿದ್ರು. ಕಾರಣ ಬರೀರಿ ಅನ್ನೋ ಜಾಗದಲ್ಲಿ ಆ ಕಾನ್‌ಸ್ಟಿಟ್ಯೂಷನಲ್ ಪದ ಬಿಟ್ರೆ ಏನೂ ಇಲ್ಲ. ನಾಲ್ಕು ವರ್ಷ ನನ್ನ ಟ್ರಂಕಲ್ಲಿ ಅರ್ಧ ಕಾಗದ ಇಟ್ಕೊಂಡು ನಾನು ದೇವಸ್ಥಾನ ಸುತ್ತುತಾ ಇದ್ದೆ.

ಅವತ್ತೇ ಅವರು ಧರಮ್‌ವೀರ್ ಸಿಂಗ್ ಕೇಸಿನ ಬಗ್ಗೆ ಹೇಳಿದ್ದು. ಸಿಗ್ನಲ್ಸ್‌ನ ಸಿಪಾಯಿ, 1985ರಲ್ಲಿ ಸೇರಿದೋರು, 1994ರಲ್ಲಿ ಫಿಟ್ಸ್ ಕಾಯಿಲೆಗೇ ಬೋರ್ಡ್ ಔಟ್, ಅವರಿಗೂ 20 ಪರ್ಸೆಂಟೇ, ಅವರಿಗೂ ಅದೇ ಕಾನ್‌ಸ್ಟಿಟ್ಯೂಷನಲ್ ಅನ್ನೋ ಪದವೇ. 2013ರ ಜುಲೈಯಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನಂದ್ರೆ, ಸೇರುವಾಗ ದಾಖಲೆಯಲ್ಲಿ ಕಾಯಿಲೆ ಬರೆದಿಲ್ಲ ಅಂದ್ರೆ ಸೈನಿಕ ಆರೋಗ್ಯವಾಗಿದ್ದ ಅಂತಲೇ ತಗೋಬೇಕು, ಆಮೇಲೆ ಬಂದಿದ್ದು ಸೇವೆಯಿಂದ ಅಲ್ಲ ಅಂತ ಸಾಬೀತು ಮಾಡೋ ಭಾರ ಸೈನಿಕನ ಮೇಲಲ್ಲ, ಕೆಲಸ ಕೊಟ್ಟೋರ ಮೇಲೆ, ಬೋರ್ಡ್ ಇಲ್ಲ ಅಂತ ಬರೆದ್ರೆ ಕಾರಣನೂ ಬರೀಬೇಕು, ಸಂಶಯ ಇದ್ರೆ ಅದರ ಲಾಭ ಸೈನಿಕನಿಗೇ. ಇದನ್ನ ಕೇಳಿ ನಾನು ಜಗಲಿ ಮೇಲೆ ಸುಮ್ನೆ ಕೂತ್ಬಿಟ್ಟೆ. ಯಾವತ್ತೂ ನೋಡಿಲ್ದಿರೋ ಒಬ್ಬ ಸಿಪಾಯಿ ಹತ್ತೊಂಬತ್ತು ವರ್ಷ ಗುದ್ದಾಡಿ ನನ್ನ ದಾರಿನೂ ಮಾಡಿಟ್ಟಿದ್ರು. ಅವರಿಗೆ ಈ ಕನ್ನಡ ಯಾವತ್ತೂ ತಲುಪಲ್ಲ, ಆದ್ರೂ ಥ್ಯಾಂಕ್ಸ್ ಸಾಬ್.

ಆಮೇಲೆ ವಕೀಲಮ್ಮ. ಇವರ ತಂದೆನೂ ಫೌಜಿ. ಗೆದ್ದ ಮೇಲೆ ಕೊಡಿ ಅಂತ ಟೈಪಿಂಗ್ ಖರ್ಚು ಬಿಟ್ಟು ಒಂದು ಪೈಸೆ ತಗೊಂಡಿಲ್ಲ. 2020ರ ಡಿಸೆಂಬರಲ್ಲಿ ಆರ್ಮ್ಡ್ ಫೋರ್ಸಸ್ ಟ್ರಿಬ್ಯೂನಲ್‌ಗೆ ಅರ್ಜಿ, ನಮಗೆ ಕೊಚ್ಚಿ ಬೆಂಚು, ಜೊತೆಗೆ ತಡ ಮಾಡಿದ್ದನ್ನ ಮನ್ನಿಸಿ ಅಂತ ಬೇರೆ ಅರ್ಜಿ. ನನ್ನ ಬಡ್ಡಿ ಅಷ್ಟೊತ್ತಿಗೆ ಹವಾಲ್ದಾರ್ ಆಗಿದ್ದ, ಅವತ್ತು ಬೆಳಗಿನ ಜಾವ ಏನಾಯ್ತು, ಅದಕ್ಕೆ ಮುಂಚೆ ಎಷ್ಟು ರಾತ್ರಿ ನಿದ್ದೆಗೆಟ್ಟಿದ್ವಿ ಅಂತ ಹಿಂದಿಯಲ್ಲಿ ಒಂದೂವರೆ ಪುಟ ಬರೆದು ಸ್ಪೀಡ್ ಪೋಸ್ಟ್ ಮಾಡ್ದ. ಕೋವಿಡ್ ಅಂತ ಮುಂದಕ್ಕೋಯ್ತು, ಉತ್ತರ ಹಾಕೋಕೆ ಟೈಮ್ ಬೇಕು ಅಂತ ಮುಂದಕ್ಕೋಯ್ತು, ಇನ್ನೇನೋ ಅಂತ ಮುಂದಕ್ಕೋಯ್ತು, ಆ ಡೇಟುಗಳ ಕತೆ ಬೇಡ ಬಿಡಿ. ಒಂದ್ಸಲ ನಾನೇ ಹೋಗಿದ್ದೆ. ಬೆಂಚಲ್ಲಿ ಇಬ್ಬರಿರ್ತಾರೆ, ಒಬ್ಬರು ನ್ಯಾಯಾಧೀಶರು, ಇನ್ನೊಬ್ಬರು ಸೇನೆಯ ದೊಡ್ಡ ಹುದ್ದೆಯಿಂದ ನಿವೃತ್ತರಾದೋರು. ವಕೀಲಮ್ಮ ಉದ್ದ ಭಾಷಣ ಏನೂ ಮಾಡಿಲ್ಲ, ಆ ಎರಡು 'ಇಲ್ಲ'ಗಳನ್ನ ಒಂದರ ಕೆಳಗೊಂದು ಓದಿದ್ರು ಅಷ್ಟೇ. ಸೇನೆಯಿಂದ ಬಂದಿದ್ದ ಸದಸ್ಯರು ಹಾಳೆ ತಿರುಗಿಸಿ ಎದುರು ಕಡೆಯೋರನ್ನ ಇದಕ್ಕೆ ಕಾರಣ ಎಲ್ಲಿ ಬರೆದಿದೀರಿ ಅಂತ ಕೇಳಿದ್ರು. ಅವರು ಫೈಲ್ ತಡಕಾಡಿದ್ರು. ನನ್ನ ಕಾಲು ನಡುಗ್ತಿತ್ತು, ಹಿಂದಿನ ಸೀಟಲ್ಲಿ ಹೆಂಡತಿ ನನ್ನ ಮಧ್ಯಾಹ್ನದ ಮಾತ್ರೆ ಕೈಯಲ್ಲಿ ಹಿಡ್ಕೊಂಡೇ ಕೂತಿದ್ಲು.

2024ರಲ್ಲಿ ಆದೇಶ ಬಂತು. ಕಾಯಿಲೆಗೂ ಸೇವೆಗೂ ಸಂಬಂಧ ಇದೆ, ಪೆನ್ಷನ್ನಿನ ಸರ್ವೀಸ್ ಎಲಿಮೆಂಟ್ (ಸೇವೆಗೆ ಸಿಗೋ ಭಾಗ), ಡಿಸೆಬಿಲಿಟಿ ಎಲಿಮೆಂಟ್ (ಕಾಯಿಲೆಗೆ ಸಿಗೋ ಭಾಗ) ಎರಡೂ ಕೊಡ್ಬೇಕು, 20 ಪರ್ಸೆಂಟನ್ನ 50ಕ್ಕೆ ರೌಂಡ್ ಮಾಡ್ಬೇಕು. ಈ ರೌಂಡಿಂಗು ಬೋರ್ಡ್ ಔಟ್ ಆದೋರಿಗೆ 1996ರಿಂದಲೇ ಇರೋ ನಿಯಮ, ಬಹಳ ಜನಕ್ಕೆ ಗೊತ್ತಿಲ್ಲ. ಆದ್ರೆ ಬಾಕಿ ಮಾತ್ರ ಅರ್ಜಿ ಹಾಕಿದ ದಿನದಿಂದ ಹಿಂದಕ್ಕೆ ಮೂರು ವರ್ಷದ್ದಷ್ಟೇ. ಅಂದ್ರೆ 2016ರ ಅಕ್ಟೋಬರಿಂದ 2017ರ ಡಿಸೆಂಬರ್ ತನಕದ ಹದಿನಾಲ್ಕು ತಿಂಗಳ ದುಡ್ಡು ಹೋಯ್ತು. ನಾನು ಲೆಟರ್ ಟ್ರಂಕಿಗೆ ಹಾಕಿ ಕೂತಿದ್ದಕ್ಕೆ ಕಟ್ಟಿದ ದಂಡ ಅದು. ಯಾರ ಹತ್ರನಾದ್ರೂ ಅಂಥ ರಿಜೆಕ್ಟ್ ಲೆಟರ್ ಇದ್ರೆ ದಯವಿಟ್ಟು ಇವತ್ತೇ ಟ್ರಂಕಿಂದ ಆಚೆ ತೆಗೀರಿ.

ಆದೇಶ ಬಂದ್ರೂ ದುಡ್ಡು ಬರಲಿಲ್ಲ, ಕೊಟ್ಟ ಗಡುವು ಮುಗೀತು, ಆದೇಶ ಜಾರಿ ಮಾಡಿಸಿ ಅಂತ ಮತ್ತೊಂದು ಅರ್ಜಿ ಹಾಕ್ಬೇಕಾಯ್ತು. ಕೊನೆಗೆ ಪಿಪಿಓ, ಅಂದ್ರೆ ಪೆನ್ಷನ್ ಕೊಡೋ ಆರ್ಡರ್, ಆಯ್ತು. ಸೇನೆಯ ಪೆನ್ಷನ್ ಕೊಡೋ ಸ್ಪರ್ಶ್ ಪೋರ್ಟಲ್‌ನಲ್ಲಿ ನನ್ನ ಹೆಸರಿನ ಸ್ಪೆಲ್ಲಿಂಗು ಆಧಾರ್‌ಗೆ ಹೊಂದದೆ ಒದ್ದಾಡ್ತಿದ್ದಾಗ ಅಕ್ಕನ ಮಗಳು ಪಿಯುಸಿ ಪರೀಕ್ಷೆ ಮಧ್ಯ ಕೂತು ಸರಿ ಮಾಡ್ಕೊಟ್ಲು, ಪುಟ್ಟಿ, ನಿಂಗೆ ಹೇಳಿದ ವಾಚ್ ಬರುತ್ತೆ.

ಹೆಂಡತಿ ಬಗ್ಗೆ ಬರೆದ್ರೆ ಅವಳಿಗೆ ಮುಜುಗರ. ಇಷ್ಟು ಹೇಳ್ತೀನಿ, ಎಂಟು ವರ್ಷ ಗಾರ್ಮೆಂಟ್ಸ್ ಕೆಲಸದಿಂದ ಮನೆ ನಡೆಸಿದ್ದು ಅವಳು, ರಾತ್ರಿ ನನ್ನ ಉಸಿರು ಬೇರೆ ಥರ ಕೇಳಿಸಿದ್ರೆ ಸಾಕು ಎದ್ದು ಕೂರ್ತಿದ್ದೋಳು. ಈಗಲೂ ಕೂರ್ತಾಳೆ, ಕೊನೇ ಸಲ ಫಿಟ್ಸ್ ಬಂದು ಮೂರು ವರ್ಷ ಆಗಿದ್ರೂ.

ಅವ್ವ ಈಗ ಡಿಸ್ಚಾರ್ಜ್ ಬುಕ್ ಬದಲು ಮಾಜಿ ಸೈನಿಕರ ಕಾರ್ಡ್ ತೋರಿಸ್ತಾಳೆ. ಸುಬೇದಾರ್ ಸಾಹೇಬ್ರಿಗೆ ಸ್ವೀಟ್ ತಗೊಂಡು ಹೋದ್ರೆ ಶುಗರ್ ಇದೆ ಅಂತ ವಾಪಸ್ ಕಳಿಸಿದ್ರು. ನಿನ್ನೆ ಫೈಲ್ ಜೋಡಿಸುವಾಗ ನೋಡಿದ್ರೆ ಅವರ ಸ್ಟೀಲ್ ಸ್ಕೇಲ್ ನನ್ನ ಕಾಗದಗಳ ಮಧ್ಯನೇ ಉಳ್ಕೊಂಡಿದೆ, ನಾಲ್ಕು ವರ್ಷದಿಂದ. ಫೋನ್ ಮಾಡಿ ಹೇಳ್ದೆ. "ಭಾನುವಾರ ತಗೊಂಬಾ, ಇನ್ನೊಬ್ಬ ಹುಡುಗ ಬರ್ತಾ ಇದಾನೆ, ಬೆನ್ನುಮೂಳೆ ಕೇಸು" ಅಂದ್ರು.