ಗೆಳೆಯನಿಗೊಂದು ಪತ್ರ: ಮೆಣಸಿನ ಬಳ್ಳಿ ನೋಡೋಕೆ ದುಡ್ಡು ಕೊಟ್ಟು ಬಂದೆ

ಗೆಳೆಯಾ,

"ಜಾಂಜಿಬಾರ್ ಹೆಂಗಿತ್ತು ಮಾರಾಯ, ಎರಡು ಫೋಟೊ ಹಾಕಿ ಸುಮ್ನಾಗಿಬಿಟ್ಟೆ" ಅಂತ ಕೇಳಿದ್ದೆಯಲ್ಲ. ಫೋನಿನಲ್ಲಿ ಹೇಳೋಕೆ ಹೋದರೆ ಬೀಚು, ಬಿಸಿಲು, ಎಳನೀರು ಅಂತ ಎರಡು ನಿಮಿಷಕ್ಕೆ ಮುಗಿದುಬಿಡುತ್ತದೆ. ಅದಕ್ಕೇ ಕೂತು ಬರೆಯುತ್ತಿದ್ದೇನೆ. ಕೊನೆಯಲ್ಲಿ ನಿನ್ನಿಂದ ಒಂದು ಕೆಲಸವೂ ಆಗಬೇಕಿದೆ, ಪೂರ್ತಿ ಓದು.

ಆಫೀಸಿನ ಕೆಲಸಕ್ಕೆ ಒಂದು ತಿಂಗಳು ಆಫ್ರಿಕಾದ ಟಾಂಜಾನಿಯಾಕ್ಕೆ, ದಾರ್ ಎಸ್ ಸಲಾಮ್‌ಗೆ ಹೋಗಿದ್ದು ನಿನಗೆ ಗೊತ್ತು. ಫೆಬ್ರವರಿ ಕೊನೆಗೆ ನಾಲ್ಕು ದಿನ ರಜೆ ಸಿಕ್ಕಿತು. ಅಲ್ಲಿಂದ ಫೆರ್ರಿ ಹತ್ತಿದರೆ ಎರಡು ತಾಸಿಗೆ ಜಾಂಜಿಬಾರ್ ದ್ವೀಪ. ಫೆರ್ರಿ ಹತ್ತುವ ಜಾಗಕ್ಕೆ ಅಲ್ಲಿಯವರು ತಮ್ಮ ಸ್ವಾಹಿಲಿ ಭಾಷೆಯಲ್ಲಿ ಕರೆಯೋದು ‘ಬಂದಾರಿ’ ಅಂತ. ಅಂದರೆ ಬಂದರು! ಪರ್ಶಿಯನ್ ಶಬ್ದವಂತೆ, ಹಡಗು ಹತ್ತಿ ಆ ದಡಕ್ಕೂ ಹೋಗಿದೆ, ಈ ದಡಕ್ಕೂ ಬಂದಿದೆ. ಅಲ್ಲಿಂದ ಶುರುವಾಯಿತು ನೋಡು ನನ್ನ ಹುಚ್ಚು. ನಾಲ್ಕು ದಿನವೂ ಅದೇ ಆಟ. ಗೋಣಿಚೀಲಕ್ಕೆ ‘ಗುನಿಯಾ’, ಅಂಗಡಿಗೆ ‘ದುಕಾ’, ದುಡ್ಡಿಗೆ ‘ಪೇಸಾ’, ವಕೀಲನಿಗೆ ‘ವಾಕಿಲಿ’, ಸೋಪಿಗೆ ‘ಸಬುನಿ’. ವಿಮೆಗೆ ‘ಬಿಮಾ’. ಈ ಬಿಮಾ ಮಾತ್ರ ಜೇಬಿಗೆ ಬಿತ್ತು. 2024ರ ಅಕ್ಟೋಬರ್‌ನಿಂದ ಹೊರದೇಶದವರೆಲ್ಲ 44 ಡಾಲರ್ ಕೊಟ್ಟು ಅಲ್ಲಿನದೇ ವಿಮೆ ಮಾಡಿಸಬೇಕು. ನೀನು ಹೋಗುವುದಾದರೆ ಲೆಕ್ಕದಲ್ಲಿ ಇಟ್ಟುಕೋ.

ಈ ಶಬ್ದಗಳನ್ನೆಲ್ಲ ಹೊತ್ತು ತಂದಿದ್ದು ಗಾಳಿ. ನವೆಂಬರ್, ಡಿಸೆಂಬರ್ ಹೊತ್ತಿಗೆ ಈಶಾನ್ಯದಿಂದ ಒಂದು ಗಾಳಿ ಬೀಸುತ್ತದೆ, ಅದಕ್ಕೆ ‘ಕಸ್ಕಾಜಿ’ ಅಂತಾರೆ. ಕಚ್ಛ್, ಮಸ್ಕತ್ ಕಡೆಯ ಹಾಯಿಹಡಗುಗಳು ಅದರ ಬೆನ್ನು ಹತ್ತಿ ಬರುತ್ತಿದ್ದವು. ಬಂದ ಮೇಲೆ ವಾಪಸ್ ಹೋಗಬೇಕಂದರೆ ದಕ್ಷಿಣದ ‘ಕುಸಿ’ ಗಾಳಿ ಏಳುವವರೆಗೆ ಕಾಯಲೇಬೇಕು. ನಮಗೆ ಮಳೆ ತರುತ್ತದಲ್ಲ, ಅದೇ ಗಾಳಿ. ತಿಂಗಳುಗಟ್ಟಲೆ ಕಾಯುತ್ತ ಕೂತವರು ಅಂಗಡಿ ಇಟ್ಟರು, ಮನೆ ಕಟ್ಟಿದರು, ಮದುವೆಯಾದರು. ಹಾಗೆ ಬೆಳೆದ ಊರು ಅದು.

ಹಳೇ ಊರಿಗೆ ಸ್ಟೋನ್ ಟೌನ್ ಅಂತ ಹೆಸರು. 2000ದಲ್ಲಿ ಯುನೆಸ್ಕೊ ಪಟ್ಟಿಗೆ ಸೇರಿದೆ. ಹವಳದ ಕಲ್ಲು, ಸುಣ್ಣದ ಗಾರೆ, ಎರಡು ಕೈ ಚಾಚಿದರೆ ಎರಡೂ ಗೋಡೆ ಸಿಗುವಷ್ಟು ಸಣ್ಣ ಓಣಿಗಳು. ಮೊದಲ ದಿನ ಮೂರು ಸಲ ದಾರಿ ತಪ್ಪಿದೆ, ಮೂರೂ ಸಲ ಅದೇ ದರ್ಜಿಯ ಅಂಗಡಿ ಮುಂದೆ ಬಂದು ನಿಂತೆ. ಮೂರನೇ ಸಲ ಅವನು ಹೊಲಿಗೆ ನಿಲ್ಲಿಸಿ ನಕ್ಕು, ಬಾಗಿಲ ಪಕ್ಕದ ಕಟ್ಟೆ ತೋರಿಸಿದ. ಕೂತೆ. ಈ ಕಟ್ಟೆಗೆ ‘ಬರಾಜಾ’ ಅನ್ನುತ್ತಾರೆ, ಬಹಳ ಮನೆಗಳ ಮುಂದೆ ಇದೆ. ಸಂಜೆ ಗಂಡಸರು ಕೂತು ಕಾಫಿ ಕುಡಿಯುತ್ತ ಹರಟೆ ಹೊಡೆಯುತ್ತಾರೆ. ಜೋರು ಮಳೆ ಬಂದು ಓಣಿ ಹೊಳೆಯಾದರೆ ಅದರ ಮೇಲೇ ನಡೆದುಕೊಂಡು ಹೋಗುತ್ತಾರೆ. ನಿಮ್ಮ ಮನೆ ಹೊರಜಗಲಿ ನೆನಪಾಯಿತು. ಎಲೆ ತಟ್ಟೆ ಒಂದು ಇರಲಿಲ್ಲ, ಅಷ್ಟೇ.

ಬಾಗಿಲುಗಳ ವಿಷಯ ಹೇಳಲೇಬೇಕು. ಒಂದೊಂದೂ ಒಂದೊಂದು ದೇವಸ್ಥಾನದ ಬಾಗಿಲಿನ ಹಾಗಿದೆ. ಮೇಲ್ಭಾಗ ನೇರವಾಗಿದ್ದರೆ ಅರಬರದು, ಕಮಾನಿದ್ದರೆ ಭಾರತದವರದು ಅಂತ ಗುರುತು. ಕೆಲವಕ್ಕೆ ಹಿತ್ತಾಳೆಯ ಮೊಳೆಗಳಿವೆ, ಮುಷ್ಟಿ ಗಾತ್ರ, ತುದಿ ಚೂಪು. ಆನೆ ಬಂದು ಗುದ್ದದಿರಲಿ ಅಂತ ನಮ್ಮ ಕಡೆ ಇಡುತ್ತಿದ್ದ ಮೊಳೆಗಳಂತೆ. ಜಾಂಜಿಬಾರ್‌ನಲ್ಲಿ ಆನೆ ಎಲ್ಲಿದೆ? ಸುಮ್ನೆ ಶೋಕಿಗೆ. ಅಂಥ ಒಂದು ಬಾಗಿಲ ಮುಂದೆ ನಿಂತು, ನಮ್ಮವರದು ಅಂತ ಎದೆ ಉಬ್ಬಿಸಿ ಫೋಟೊ ತೆಗೆಸಿಕೊಂಡೆ. ನೀನು ಲೈಕ್ ಮಾಡಿದ್ದು ಅದನ್ನೇ. ಆ ಹೆಮ್ಮೆ ಎಷ್ಟು ದಿನ ಉಳಿಯಿತು ಅಂತ ಮುಂದೆ ಹೇಳುತ್ತೇನೆ.

ಸಮುದ್ರದ ಎದುರಿಗಿರುವ ದೊಡ್ಡ ಅರಮನೆ, 1883ರಲ್ಲಿ ಸುಲ್ತಾನ್ ಬರ್ಗಾಶ್ ಕಟ್ಟಿಸಿದ್ದು, ನೋಡಲಾಗಲಿಲ್ಲ. 2020ರ ಡಿಸೆಂಬರ್ 25ರಂದು ಅದರ ಒಂದು ಭಾಗ ಕುಸಿದುಬಿತ್ತು. ಅದೇ ದಂಡೆಯಲ್ಲಿ 1896ರಲ್ಲಿ ಇಂಗ್ಲಿಷರಿಗೂ ಆಗಿನ ಸುಲ್ತಾನನಿಗೂ ಯುದ್ಧ ನಡೆದಿತ್ತು. ಮುಕ್ಕಾಲು ತಾಸೂ ಹಿಡಿಯಲಿಲ್ಲ. ನಮ್ಮ ಶಿರಸಿ ಬಸ್ಸು ಯಲ್ಲಾಪುರ ಮುಟ್ಟುವುದರೊಳಗೆ ಯುದ್ಧವೂ ಮುಗಿದು ಸುಲ್ತಾನನೂ ಓಡಿಹೋಗಿರುತ್ತಿದ್ದ!

ಅರಮನೆ ಎದುರಿಗೇ ಫೊರೊಧಾನಿ ತೋಟ. ರಾತ್ರಿ ಅಲ್ಲಿ ತಿಂಡಿ ಗಾಡಿಗಳ ಸಾಲು. ಮೀನು, ಮಾಂಸವೇ ಜಾಸ್ತಿ. ನನ್ನಂಥ ಪುಳಿಚಾರಿಗೆ ಸಿಕ್ಕಿದ್ದು ‘ಉರೋಜೊ’. ಅರಿಶಿನ ಹಾಕಿದ ಹುಳಿ ಸಾರು, ಅದರೊಳಗೆ ಬಜ್ಜಿ, ಆಲೂಗಡ್ಡೆ, ಮೇಲೆ ಚಟ್ನಿ, ಮರಗೆಣಸಿನ ಚೂರು. ಹುಳಿಗೆ ಮಾವಿನಕಾಯಿ. ಮೊದಲ ಗುಟುಕಿಗೇ ಅಪ್ಪೆಹುಳಿ ನೆನಪಾಗಿ ಎರಡನೇ ಬಟ್ಟಲು ಹಾಕಿಸಿಕೊಂಡೆ.

ಎರಡನೇ ದಿನ ಮಸಾಲೆ ತೋಟದ ಟೂರ್. ನಗಬೇಡ. ಹೋಟೆಲಿನವರು "ಇದು ನೋಡದಿದ್ದರೆ ಜಾಂಜಿಬಾರ್ ನೋಡಿದ ಹಾಗೇ ಅಲ್ಲ" ಅಂದರು, ಹತ್ತಿದೆ. ಗೈಡ್ ಹುಡುಗ ಎಲೆ ಕಿತ್ತು ತಿಕ್ಕಿ ಮೂಗಿಗೆ ಹಿಡಿಯುತ್ತಿದ್ದ, ಏನು ಅಂತ ನಾವು ಹೇಳಬೇಕು. ಜೊತೆಗಿದ್ದ ಯುರೋಪಿನ ದಂಪತಿ ಕಣ್ಣು ಮುಚ್ಚಿ ಯೋಚಿಸುವುದರೊಳಗೆ ನಾನು ದಾಲ್ಚಿನ್ನಿ, ಏಲಕ್ಕಿ, ಜಾಯಿಕಾಯಿ, ಅರಿಶಿನ ಅಂತ ಒದರಿಯಾಗಿತ್ತು. ಮೆಣಸಿನ ಬಳ್ಳಿ ಬಂದಾಗಲಂತೂ ಅವನು ನನ್ನ ಬಾಯಿಗೆ ಕೈ ಅಡ್ಡ ಹಿಡಿದ. ಆಮೇಲೆ ಒಬ್ಬ ಕಾಲಿಗೆ ಹಗ್ಗ ಸಿಕ್ಕಿಸಿಕೊಂಡು ತೆಂಗಿನ ಮರ ಹತ್ತಿ ತೋರಿಸಿದ. ಎಲ್ಲರೂ ವಿಡಿಯೊ ಮಾಡಿಕೊಂಡರು. ನಮ್ಮ ಕೊನೆಗೌಡರು ತಳೆ ಹಾಕಿ ಅಡಿಕೆ ಮರ ಹತ್ತಿ, ಅಲ್ಲಿಂದಲೇ ಮುಂದಿನ ಮರಕ್ಕೆ ದಾಟುವುದನ್ನು ಇವರಿಗೆ ತೋರಿಸಿದರೆ ಏನು ಮಾಡುತ್ತಾರೋ! ಅಪ್ಪನಿಗೆ ಫೋನ್ ಮಾಡಿ ಹೇಳಿದೆ. "ಮೆಣಸಿನ ಬಳ್ಳಿ ನೋಡೋಕೆ ದುಡ್ಡು ಕೊಟ್ಟು ಹೋಗಿದ್ಯಾ?" ಅಂದವರು ಇನ್ನೂ ಊರಲ್ಲಿ ಸಿಕ್ಕಿದವರಿಗೆಲ್ಲ ಹೇಳಿಕೊಂಡು ನಗುತ್ತಿದ್ದಾರೆ.

ಲವಂಗ ಮಾತ್ರ ಅಲ್ಲೇ ನೋಡಬೇಕು. ಹೂ ಅರಳುವ ಮೊದಲೇ ಮೊಗ್ಗು ಕೊಯ್ದು, ಕಡ್ಡಿ ಬಿಡಿಸಿ, ಚಾಪೆ ಮೇಲೆ ಒಣಗಿಸುತ್ತಾರೆ. ಅದು ಅಲ್ಲಿನ ಗಿಡವೂ ಅಲ್ಲ, ಇಂಡೊನೇಷ್ಯಾದ ಮಲುಕು ದ್ವೀಪಗಳದ್ದು. ಒಮಾನಿನ ಸುಲ್ತಾನ್ ಸಯ್ಯದ್ ಸಯೀದ್ 1840ರ ಸುಮಾರಿಗೆ ಮಸ್ಕತ್ ಬಿಟ್ಟು ಜಾಂಜಿಬಾರನ್ನೇ ರಾಜಧಾನಿ ಮಾಡಿಕೊಂಡ, ದ್ವೀಪದ ತುಂಬ ಲವಂಗ ನೆಡಿಸಿದ. ಕೊಯ್ಲು ಯಾರು ಮಾಡುತ್ತಿದ್ದರು ಅಂತ ಕೇಳಿದೆ. ಗೈಡ್ ಹುಡುಗ ಅಷ್ಟು ಹೊತ್ತು ನಗುತ್ತಿದ್ದವನು, "ಸ್ಲೇವ್ಸ್" ಅಂತ ಒಂದೇ ಶಬ್ದ ಹೇಳಿ ಮುಂದಿನ ಗಿಡಕ್ಕೆ ಹೋದ.

ಈಗ ನಿನ್ನ ಬೀಚು. ಪಾಜೆ ಅಂತ, ದ್ವೀಪದ ಆಗ್ನೇಯ ದಂಡೆಯಲ್ಲಿದೆ. ‘ದಾಲಾ ದಾಲಾ’ ಅನ್ನುವ ಗಾಡಿಯಲ್ಲಿ ಹೋದೆ. ಬೆಂಚು ಹಾಕಿದ ಟೆಂಪೊ, ಜನ, ಗೋಣಿ, ಕೋಳಿ ಎಲ್ಲ ಒಟ್ಟಿಗೆ. ಮರಳು ಅಂದರೆ ರವೆಯಲ್ಲ, ಮೈದಾ. ಬಿಸಿಲಲ್ಲೂ ಕಾಲು ಸುಡುವುದಿಲ್ಲ. ಆದರೆ ಬೆಳಿಗ್ಗೆ ಎದ್ದು ನೋಡುತ್ತೇನೆ, ಸಮುದ್ರವೇ ಇಲ್ಲ! ಗೋಕರ್ಣದಲ್ಲಿ ಇಳಿತ ಅಂದರೆ ನೀರು ನಾಲ್ಕು ಹೆಜ್ಜೆ ಹಿಂದೆ ಹೋಗುತ್ತದೆ. ಇಲ್ಲಿ ಒಂದು ಕಿಲೋಮೀಟರ್ ಆಚೆ ಬಿಳಿ ನೊರೆಯ ಗೆರೆ ಕಾಣುತ್ತದೆ, ಅಲ್ಲಿಯವರೆಗೆ ಬರೀ ಒದ್ದೆ ನೆಲ. ಹೋಟೆಲುಗಳು ಹಾಕುವ ಫೋಟೊ ಎಲ್ಲ ಭರತದ ಹೊತ್ತಿನದು.

ನಡೆದೇ ಹೋಗೋಣ ಅಂತ ಹೊರಟೆ, ಬರಿಗಾಲಲ್ಲಿ. ಅದೇ ತಪ್ಪು. ಮೊಣಕಾಲು ನೀರಿನ ಗುಂಡಿಯೊಂದರಲ್ಲಿ ಕಾಲಿಟ್ಟೆ, ಬೆಂಕಿ ಮುಟ್ಟಿದ ಹಾಗಾಯಿತು. ಕಪ್ಪು ಮುಳ್ಳಿನ ಚೆಂಡಿನಂಥ ಪ್ರಾಣಿ ಇರುತ್ತದಲ್ಲ, ಅದರ ಮೇಲೇ. ಹಿಮ್ಮಡಿಯಲ್ಲಿ ಏಳು ಮುಳ್ಳು ಮುರಿದು ಕೂತಿದ್ದವು. ಕುಂಟುತ್ತ ನಿಂತಾಗ ಹತ್ತಿರದಲ್ಲೇ ಕೆಲಸ ಮಾಡುತ್ತಿದ್ದ ಹೆಂಗಸೊಬ್ಬರು "ಪೋಲೆ, ಪೋಲೆ" ಅನ್ನುತ್ತ ಬಂದರು. ಅಯ್ಯೋ ಪಾಪ ಅಂದ ಹಾಗೆ. ಕೈ ಹಿಡಿದು ದಂಡೆಗೆ ಕರೆತಂದು, ಒಂದು ಮನೆಯ ಹಿತ್ತಲಿಂದ ಕಾಯಿ ಪಪ್ಪಾಯಿ ತರಿಸಿದರು. ಅದಕ್ಕೂ ಅವರ ಭಾಷೆಯಲ್ಲಿ ‘ಪಪಾಯಿ’ಯೇ. ಚಾಕುವಿನಿಂದ ಗೀರಿ, ಹಾಲು ತೊಟ್ಟು ತೊಟ್ಟಾಗಿ ಒಂದೊಂದೇ ಮುಳ್ಳಿನ ಮೇಲೆ ಬಿಟ್ಟರು. ಅರ್ಧ ತಾಸು ಬಿಟ್ಟು ಉಗುರಿನಿಂದ ಒತ್ತಿದರೆ ಐದು ಮುಳ್ಳು ಮೇಲೆ ಬಂದವು. ಉಳಿದೆರಡು ವಾರವಿಡೀ ಜೊತೆಗಿದ್ದವು.

ಅವರು ಬೆಳೆಯುತ್ತಿದ್ದುದು ಸಮುದ್ರದ ಪಾಚಿ, ‘ಮ್ವಾನಿ’. ನೆಲಕ್ಕೆ ಗೂಟ ಹೊಡೆದು, ನಡುವೆ ದಾರ ಕಟ್ಟಿ, ದಾರಕ್ಕೆ ಪಾಚಿಯ ತುಂಡು ಕಟ್ಟುತ್ತಾರೆ. ಇಳಿತದ ಹೊತ್ತಿನಲ್ಲಷ್ಟೇ ಕೆಲಸ. 1980ರ ದಶಕದ ಕೊನೆಗೆ ಶುರುವಾದದ್ದು, ಮಾಡುವವರೆಲ್ಲ ಹೆಚ್ಚುಕಮ್ಮಿ ಹೆಂಗಸರೇ. ಒಣಗಿಸಿ ಹೊರದೇಶಕ್ಕೆ ಕಳಿಸುತ್ತಾರೆ, ಅದರ ಅಂಟು ಟೂತ್‌ಪೇಸ್ಟಿಗೂ ಐಸ್‌ಕ್ರೀಮಿಗೂ ಬೀಳುತ್ತದೆ. ಈಗ ನೀರು ಬಿಸಿಯಾಗಿ, ಒಳ್ಳೆ ಬೆಲೆ ಬರುವ ಜಾತಿ ದಂಡೆ ಹತ್ತಿರ ಸಾಯುತ್ತಿದೆ. ಆಳಕ್ಕೆ ಹೋಗಿ ಕಟ್ಟಬೇಕು, ಆದರೆ ಎಷ್ಟೋ ಜನಕ್ಕೆ ಈಜು ಬರುವುದಿಲ್ಲ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ. ಪಾಚಿಯ ಸೋಪು ಇದೆ, ಬೇಕಾದರೆ ತಗೋ ಅಂದರು. ನಾಲ್ಕು ತಗೊಂಡೆ. ಒಂದು ನಿನಗೆ.

ಕೊನೆಯ ದಿನ ಫೆರ್ರಿಗೆ ಇನ್ನೂ ಹೊತ್ತಿತ್ತು. ಕುಂಟಿಕೊಂಡೇ ಸ್ಟೋನ್ ಟೌನಿನ ಆಂಗ್ಲಿಕನ್ ಚರ್ಚಿಗೆ ಹೋದೆ. ಅದು ಗುಲಾಮರ ಸಂತೆ ನಡೆಯುತ್ತಿದ್ದ ಜಾಗ. 1873ರಲ್ಲಿ ಸಂತೆ ಮುಚ್ಚಿಸಿ ಅಲ್ಲೇ ಚರ್ಚು ಕಟ್ಟಿದರು. ಸಂತೆ ಮುಚ್ಚಿತು ಅಷ್ಟೇ, ಗುಲಾಮಗಿರಿಗೆ ಕಾನೂನಿನ ಬಲ ಹೋಗಿದ್ದು 1897ರಲ್ಲಿ. ಪಕ್ಕದ ಕಟ್ಟಡದ ಕೆಳಗೆ ತಗ್ಗು ಕೋಣೆಗಳಿವೆ, ಗುಲಾಮರನ್ನು ಕೂಡುತ್ತಿದ್ದದ್ದು ಇಲ್ಲೇ ಅಂತ ತೋರಿಸುತ್ತಾರೆ. ಇತಿಹಾಸ ಬಲ್ಲ ಕೆಲವರು ಅದನ್ನು ಒಪ್ಪುವುದಿಲ್ಲ, ಕೋಣೆ ಆಮೇಲೆ ಕಟ್ಟಿದ್ದು ಅನ್ನುತ್ತಾರೆ. ಅಂಗಳದಲ್ಲಿ ಮಾತ್ರ ಒಂದು ಗುಂಡಿ ಇದೆ. ಒಳಗೆ ಐದು ಜನ, ಕಲ್ಲಿನವರು, ಕುತ್ತಿಗೆಗೆ ಸರಪಳಿ. 1998ರಲ್ಲಿ ಸ್ವೀಡನ್ನಿನ ಕ್ಲಾರಾ ಸೊರ್ನಾಸ್ ಅನ್ನುವವರು ಮಾಡಿದ್ದು. ಸರಪಳಿ ಮಾತ್ರ ಆ ಕಾಲದ್ದೇ ಅಂತೆ.

ನನ್ನ ಬಾಗಿಲಿನ ಹೆಮ್ಮೆ ಇಳಿದದ್ದು ಅಲ್ಲೇ. ಒಳನಾಡಿಗೆ ಹೋಗಿ ದಂತ, ಜನ ಎರಡನ್ನೂ ತರುತ್ತಿದ್ದ ತಂಡಗಳಿಗೆ ಸಾಲ ಕೊಡುತ್ತಿದ್ದವರಲ್ಲಿ ನಮ್ಮ ಕಡೆಯ ಸಾಹುಕಾರರು ಬಹಳ. ಬಂದರಿನ ಸುಂಕವನ್ನು ಎಷ್ಟೋ ವರ್ಷ ಗುತ್ತಿಗೆ ಹಿಡಿದಿದ್ದು ಕಚ್ಛಿನ ಜೈರಾಮ್ ಶಿವಜಿ ಮನೆತನ. ಒಬ್ಬೊಬ್ಬ ಗುಲಾಮನ ಮೇಲೂ ಸುಂಕವಿತ್ತು. 1860ರಲ್ಲಿ ಬ್ರಿಟಿಷ್ ಕಾನ್ಸಲ್ ರಿಗ್ಬಿ, ಭಾರತೀಯರ ಮನೆಗಳಲ್ಲಿದ್ದ ಗುಲಾಮರನ್ನೇ ಸಾವಿರಗಟ್ಟಲೆ ಬಿಡಿಸಿದ. ನಾನು ಫೋಟೊ ತೆಗೆಸಿಕೊಂಡ ಬಾಗಿಲು ಯಾರ ಮನೆಯದೋ ಏನೋ.

ಗೈಡ್ ವಯಸ್ಸಾದವರು. ಭಾರತದಲ್ಲಿ ಎಲ್ಲಿ ಅಂತ ಕೇಳಿದರು. ಯಲ್ಲಾಪುರ ಅಂದರೆ ಏನು ಗೊತ್ತಾಗಬೇಕು? ಗೋವಾ ಹತ್ತಿರದ ಕಾಡು ಅಂದೆ. ಮಾತಿಗೆ ಮಾತು ಬಂತು, ನಮ್ಮಲ್ಲೂ ಆಫ್ರಿಕಾದ ಮೂಲದವರಿದ್ದಾರೆ, ಸಿದ್ದಿಗಳು ಅಂತ ಹೇಳಿದೆ. ಅವರಿಗೆ ಗೊತ್ತಿರಲಿಲ್ಲ. ಅಲ್ಲೇ ಕಟ್ಟೆ ಮೇಲೆ ಕೂತುಬಿಟ್ಟರು. ಜಾಂಜಿಬಾರಿನಿಂದಲೇ ಹೋದವರಾ? ಹಾಗೇನಿಲ್ಲ, ಎಷ್ಟೋ ಜನರನ್ನು ಪೋರ್ಚುಗೀಸರು ಗೋವಾಕ್ಕೆ ತಂದಿದ್ದು, ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು ಅಂದೆ. ಸ್ವಾಹಿಲಿ ಮಾತಾಡುತ್ತಾರಾ? ಇಲ್ಲ, ಕೊಂಕಣಿ, ಕನ್ನಡ. ಡೋಲು ಬಾರಿಸುತ್ತಾರಾ? ಹೌದು, ದಮಾಮಿ ಅಂತ ಇದೆ. ಅವರ ಕಣ್ಣು ಅರಳಿತು. "ನಿನಗೆ ಗೆಳೆಯರಿದ್ದಾರಾ ಅವರಲ್ಲಿ?"

ಇದ್ದ, ನನ್ನ ಕ್ಲಾಸಲ್ಲೇ ಓದುತ್ತಿದ್ದ ಅಂದೆ.

"ಹೆಸರೇನು?"

ಗೆಳೆಯಾ, ನನಗೆ ಹೆಸರು ಬರಲಿಲ್ಲ. ಐದನೇ ಕ್ಲಾಸಿಂದ ಏಳರವರೆಗೆ ನಮ್ಮ ಹಿಂದಿನ ಬೆಂಚಲ್ಲೇ ಕೂತವನು. ಅವನ ಕೂದಲಿಗೆ ಪೆನ್ಸಿಲ್ ಸಿಕ್ಕಿಸಿ ಬೀಳುತ್ತದೋ ಇಲ್ಲವೋ ಅಂತ ನೋಡುತ್ತಿದ್ದೆವಲ್ಲ, ಅವನು. ಒಂದು ದಿನ ಮಾಸ್ತರು "ನಿಮ್ಮ ದೇಶ ಯಾವುದೋ?" ಅಂತ ಕೇಳಿದ್ದಕ್ಕೆ "ಇಲ್ಲೇ, ಇಡಗುಂದಿ ಹತ್ತಿರ" ಅಂದಿದ್ದ. ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ನನ್ನ ನಾಲಿಗೆ ತುದಿಗೆ ಬಂದದ್ದು ನಾವು ಕರೆಯುತ್ತಿದ್ದ ಹೆಸರು. ಯಾವುದು ಅಂತ ನಿನಗೆ ಗೊತ್ತು, ಇಲ್ಲಿ ನಾಲ್ಕು ಜನ ಓದುತ್ತಾರೆ, ಬರೆಯುವುದಿಲ್ಲ. ಆ ಹಿರಿಯರಿಗೆ ಅದನ್ನು ಹೇಳುವುದು ಸಾಧ್ಯವೇ ಇರಲಿಲ್ಲ. "ಬಹಳ ವರ್ಷ ಆಯಿತು" ಅಂತ ಏನೋ ತೊದಲಿದೆ. ಅವರು ತಲೆಯಾಡಿಸಿ, ಫೆರ್ರಿಗೆ ಹೊತ್ತಾಗುತ್ತದೆ ಹೊರಡು ಅಂದರು.

ಎರಡು ತಾಸು ಫೆರ್ರಿಯಲ್ಲಿ ಕೂತು ಹಾಜರಿ ಕರೆಯುವುದನ್ನು ನೆನಪು ಮಾಡಿಕೊಂಡೆ. ನನ್ನ ಹೆಸರಿನ ಹಿಂದಿನದು, ಮುಂದಿನದು, ನಿನ್ನದು, ಎಲ್ಲ ಸಾಲಾಗಿ ಬಂತು. ಅವನದು ಬರಲಿಲ್ಲ.

ನೀನು ಊರಲ್ಲೇ ಇದ್ದೀಯ. ನಿನಗೆ ನೆನಪಿದ್ದರೆ ಬರೆ. ಇಲ್ಲದಿದ್ದರೆ ಇಡಗುಂದಿ ಕಡೆ ಹೋದಾಗ ಒಂದು ಮಾತು ಕೇಳು, ನಮ್ಮ ವಾರಿಗೆಯವನು, ಶಾಲೆಗೆ ನಡೆದೇ ಬರುತ್ತಿದ್ದ ಅಂತ. ನಿನಗೆ ಅಂತ ತಂದ ಲವಂಗದ ಪೊಟ್ಟಣ ಬಸ್ಸಿಗೆ ಕೊಟ್ಟು ಕಳಿಸುತ್ತಿದ್ದೇನೆ, ಸೋಪೂ ಅದರಲ್ಲೇ ಇದೆ. ಎರಡನೇ ಪೊಟ್ಟಣ ಒಂದಿದೆ. ಅದರ ಮೇಲೆ ಹೆಸರು ಬರೆದಿಲ್ಲ, ಇಟ್ಟುಕೊಂಡಿರು.

ನಿನ್ನ,
‘ರಫೀಕಿ’
(ಅಲ್ಲಿ ಗೆಳೆಯನಿಗೆ ಹಾಗೆ ಅಂತಾರೆ)