ಓದುಗರ ವಹಿ ನಿನ್ನ ಕೈಯಲ್ಲಿರಲಿ

ಪ್ರೀತಿಯ ತಂಗಿಗೆ,

ವಿಜಯಪುರದಿಂದ ಅಣ್ಣನ ಆಶೀರ್ವಾದಗಳು. ಗುಳೇದಗುಡ್ಡದ ನೇಕಾರರ ಓಣಿಯನ್ನು ಕುರಿತ ನಿನ್ನ ಕಥೆಗಳನ್ನು ಇ-ಪುಸ್ತಕವಾಗಿ ಮಾಡಿ, ಓದುಗರಿಗೆ ನೀನೇ ನೇರವಾಗಿ ಮಾರಬೇಕೆಂದು ಬರೆದಿರುವೆ. ಖಂಡಿತ ಮಾರು. ಆದರೆ ನೀನು ಕಳಿಸಿದ ಕಡತವನ್ನು ನನ್ನ ಫೋನಿನಲ್ಲಿ ತೆರೆದಾಗ ಕಂಡದ್ದು ಕನ್ನಡವಲ್ಲ, ಇಂಗ್ಲಿಷ್ ಅಕ್ಷರಗಳೂ ಚಿಹ್ನೆಗಳೂ ಕಲಸಿಹೋದ ಸಾಲುಗಳು. ಎಲ್ಲ ಫೋನು, ಗಣಕಗಳಿಗೂ ಒಂದೇ ಆದ ಅಕ್ಷರ ಸಂಕೇತವಾದ ಯೂನಿಕೋಡ್ ಅಲ್ಲದ ಹಳೆಯ ಫಾಂಟಿನಲ್ಲಿ ಬೆರಳಚ್ಚು ಮಾಡಿದ ಬರಹಕ್ಕೆ, ಆ ಫಾಂಟು ಇಲ್ಲದ ಕಡೆ ಇದೇ ಗತಿಯಾಗುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸು. ಆಮೇಲೆ ಒತ್ತಕ್ಷರ ಮತ್ತು ಅರ್ಕಾವತ್ತುಗಳು ಪರಿವರ್ತನೆಯಲ್ಲಿ ಕೆಡುವುದುಂಟಾದ್ದರಿಂದ, ಪ್ರತಿ ಪುಟವನ್ನೂ ಕಣ್ಣಿಟ್ಟು ಓದು. ಎ4 ಅಳತೆಯ ಪಿಡಿಎಫ್ ಕೊಟ್ಟರೆ ಓದುವವರು ಪ್ರತಿ ಸಾಲಿಗೂ ಪುಟವನ್ನು ಎಡಕ್ಕೂ ಬಲಕ್ಕೂ ಸರಿಸಬೇಕಾಗುತ್ತದೆ. ಪರದೆಯ ಅಗಲಕ್ಕೆ ತಕ್ಕಂತೆ ಸಾಲು ಹೊಂದಿಸಿಕೊಳ್ಳುವ ಇ-ಪಬ್ ರೂಪವನ್ನೂ ಜೊತೆಗಿಡು.

ಇದರಲ್ಲಿನ ಕೆಲವು ಕಥೆಗಳು ಈಗಾಗಲೇ ಅಚ್ಚಾಗಿವೆಯಲ್ಲ, ಆ ಕರಾರುಪತ್ರವನ್ನು ಹುಡುಕಿ ತೆಗೆ. ನನ್ನ ಮೊದಲ ಸಂಕಲನಕ್ಕೆ ನಾನು ಓದದೆಯೇ ಸಹಿ ಹಾಕಿದ್ದೆ. ಡಿಜಿಟಲ್ ಹಕ್ಕೂ, ಅಂದರೆ ಇ-ಪುಸ್ತಕವಾಗಿ ಮಾರುವ ಹಕ್ಕೂ, ಅದರೊಳಗೆ ಸೇರಿತ್ತೆಂಬುದು ತಿಳಿದದ್ದು ವರ್ಷಗಳ ನಂತರ, ಆ ನೋವು ಇಂದಿಗೂ ಆರಿಲ್ಲ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಹಕ್ಕಿನ ವರ್ಗಾವಣೆ ಲಿಖಿತವಾಗಿರಬೇಕು, ಅವಧಿಯನ್ನು ನಮೂದಿಸದಿದ್ದರೆ ಅದನ್ನು 5 ವರ್ಷವೆಂದೇ ಭಾವಿಸಲಾಗುತ್ತದೆ.

ಹಣದ ವಿಷಯ ಅಷ್ಟು ತೊಡಕಿನದಲ್ಲ. ಯುಪಿಐ ಮೂಲಕ ನಿನ್ನ ಖಾತೆಗೇ ಹಣ ಬಂದರೆ ಶುಲ್ಕವಿಲ್ಲ, ಆದರೆ ಯಾರ ಹಣ ಬಂತೆಂದು ನೋಡಿ ಒಬ್ಬೊಬ್ಬರಿಗೂ ನೀನೇ ಪುಸ್ತಕ ಕಳಿಸಬೇಕು. ಕೆಲವು ಪಾವತಿ ಸೇವೆಯವರು ಶುಲ್ಕ ಹಿಡಿದುಕೊಂಡು ಈ ಕೆಲಸವನ್ನು ತಾವೇ ಮಾಡುತ್ತಾರೆ. ಮುದ್ರಿತ ಪುಸ್ತಕಕ್ಕಿಲ್ಲದ ಜಿಎಸ್‌ಟಿ ಇ-ಪುಸ್ತಕಕ್ಕಿದೆ. ಮಾರಾಟ ಬೆಳೆದರೆ ಲೆಕ್ಕಪರಿಶೋಧಕರನ್ನು ಕೇಳು.

ನಾನು ಮುಖ್ಯವಾಗಿ ಹೇಳಬೇಕೆಂದಿರುವುದು ಬೇರೆ. ನಿಮ್ಮ ಮಗ್ಗದಿಂದ ಇಳಿದ ಖಣವನ್ನು ಸಾವಕಾರರಿಗೆ ಕೊಟ್ಟುಬಿಟ್ಟರೆ, ಅದರ ಕುಪ್ಪಸ ತೊಟ್ಟವರು ಯಾರು, ಬಣ್ಣ ಅವರಿಗೆ ಹಿಡಿಸಿತೇ ಎಂಬುದು ನೇಯ್ದ ಕೈಗೆ ತಿಳಿಯುವುದೇ ಇಲ್ಲ. ದೊಡ್ಡ ಮಾರಾಟ ತಾಣಗಳಲ್ಲಿಯೂ ಹಾಗೆಯೇ: ಹಣ ಬರುತ್ತದೆ, ಓದುಗರ ವಿಳಾಸ ಬರುವುದಿಲ್ಲ. ನೇರ ಮಾರಾಟದಲ್ಲಿ ನಿಜವಾಗಿ ದಕ್ಕುವುದು ಆ ವಿಳಾಸ. ಫ. ಗು. ಹಳಕಟ್ಟಿಯವರು 1926ರಲ್ಲಿ ಇದೇ ವಿಜಯಪುರದಿಂದ ‘ಶಿವಾನುಭವ’ ಪತ್ರಿಕೆ ಆರಂಭಿಸಿ, ವಚನಗಳನ್ನು ಚಂದಾದಾರರ ಮನೆಗೆ ಮುಟ್ಟಿಸಿದರು. ಆ ಕೆಲಸ ನೆನೆದಾಗಲೆಲ್ಲ ನನಗೆ ಗೌರವ ಉಕ್ಕುತ್ತದೆ. ನೀನೂ ಒಂದು ವಹಿ ಇಡು. ಕೊಂಡವರ ಹೆಸರು, ಊರು, ಮಿಂಚಂಚೆ, ಯಾವ ಕಥೆಯ ಬಗ್ಗೆ ಏನೆಂದರು ಎಂಬುದನ್ನು, ಅವರ ಒಪ್ಪಿಗೆ ಪಡೆದು, ಬರೆದಿಡು. ವಾಟ್ಸ್ಆ್ಯಪ್ ಒಂದನ್ನೇ ನಂಬಬೇಡ: ಒಂದೇ ಸಂದೇಶವನ್ನು ಹಲವರಿಗೆ ಕಳಿಸುವ ಅಲ್ಲಿನ ಬ್ರಾಡ್‌ಕಾಸ್ಟ್ ಪಟ್ಟಿಗೆ 256 ಜನರ ಮಿತಿಯಿದೆ, ಅದೂ ನಿನ್ನ ನಂಬರನ್ನು ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ.

ಪರಿಚಯದವರೆಂದು ಯಾರಿಗೂ ಪುಕ್ಕಟೆ ಕೊಡಬೇಡ. ತಿದ್ದಿದ ಕಡತ ಸಿದ್ಧವಾದ ದಿನ ಬೆಲೆ ತಿಳಿಸು, ಹಣ ಕಳಿಸುತ್ತೇನೆ. ವಹಿಯ ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದುಕೋ.

ನಿನ್ನ ಅಣ್ಣ